ನಿದ್ದೆಗೆಟ್ಟವರ ಕಾಶಿ

ನಮ್ಮ ನಾಡಿನ ಗೃಹಸ್ಥನು ಕಾಶಿಗೆ ಎರಡು ಸಲ ಹೊರಡುತ್ತಾನೆ. ಮೊದಲನೆಯದು ಮದುವೆಯ ದಿನ: ಕಣ್ಣಿಗೆ ಕಾಡಿಗೆ, ಕೈಯಲ್ಲಿ ಕೊಡೆ ಮತ್ತು ಬೆತ್ತ, ಮುಖದಲ್ಲಿ ಎರವಲು ತಂದ ವೈರಾಗ್ಯ; ಛತ್ರದ ಹೊಸಿಲನ್ನು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕನ್ಯಾಪಿತೃವು ಅಡ್ಡಬಂದು, ಮಗಳನ್ನು ಕೊಡುವೆನೆಂದು ಮಾತುಕೊಟ್ಟು, ಯಾತ್ರೆಯನ್ನು ಅಲ್ಲಿಗೇ ಮುಗಿಸಿ ಒಳಕ್ಕೆ ಕರೆತರುತ್ತಾನೆ. ಎರಡನೆಯದು, ಮಕ್ಕಳ ಮದುವೆಗಳೆಲ್ಲ ಆಗಿ, ಮೊಣಕಾಲಿನಲ್ಲಿ ನೋವು ಬಿಡಾರ ಹೂಡಿ, ಪಿತೃಋಣದ ನೆನಪು ಪದೇ ಪದೇ ಬರತೊಡಗಿದ ಮೇಲೆ ಕೈಗೊಳ್ಳುವ ನಿಜವಾದ ಪ್ರಯಾಣ; ಅದರ ಸಾಕ್ಷಿಯಾಗಿ ಬೆಸುಗೆ ಹಾಕಿದ ತಾಮ್ರದ ಗಿಂಡಿಯೊಂದು ದೇವರ ಮನೆಯನ್ನು ಸೇರುತ್ತದೆ. ಈ ಎರಡು ಯಾತ್ರೆಗಳ ನಡುವಣ ದೀರ್ಘಕಾಲದಲ್ಲಿ, ಪುಣ್ಯದ ಹಂಗಿಲ್ಲದೆ, ಬರಿಯ ಸಂತೋಷಕ್ಕಾಗಿ, ಅದರಲ್ಲಿಯೂ ರಾತ್ರಿಯ ಹೊತ್ತಿನ ಸಂತೋಷಕ್ಕಾಗಿ, ಕಾಶಿಗೆ ಹೋಗಿಬರುತ್ತೇನೆಂದು ಯಾರಾದರೂ ಹೇಳಿದರೆ ಮನೆಯ ಹಿರಿಯರು ಅವನ ಜಾತಕವನ್ನು ತೆಗೆಸಿ ನೋಡಿದರೂ ಆಶ್ಚರ್ಯವಿಲ್ಲ. ಸಾಯುವುದಕ್ಕೆ ಪ್ರಶಸ್ತವೆಂದು ಲೋಕವೆಲ್ಲ ಒಪ್ಪಿರುವ ಆ ಊರಿನಲ್ಲಿ ಬದುಕಿರುವವರು ರಾತ್ರಿಯನ್ನು ಹೇಗೆ ಕಳೆಯುತ್ತಾರೆಂಬ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ.

ನಾನಾದರೂ ಹೋದದ್ದು ಸರಸ್ವತೀ ಭವನದ ಹಸ್ತಪ್ರತಿಗಳನ್ನು ನೋಡುವ ನೆವದಿಂದ. ಬಿಡಾರ ಹನುಮಾನ್ ಘಾಟಿನ ಹಿಂದಣ ಓಣಿಯಲ್ಲಿ, ದಾಕ್ಷಿಣಾತ್ಯರು ತಲೆತಲಾಂತರಗಳಿಂದ ನೆಲೆಸಿರುವ ಕೇರಿಯಲ್ಲಿ. ಅಲ್ಲಿಂದ ಮೆಟ್ಟಿಲಿಳಿದರೆ ಪಕ್ಕದಲ್ಲಿಯೇ ಮೈಸೂರಿನ ಅರಸರ ಹೆಸರಿಗೆ ಸೇರಿದ ಘಾಟು, ಅದರ ಮಗ್ಗುಲಿಗೆ ಹರಿಶ್ಚಂದ್ರ ಘಾಟಿನ ಚಿತೆಗಳು. ಕನ್ನಡದ ಮಾತು ಕಿವಿಗೆ ಬೀಳಬೇಕೆನಿಸಿದರೆ ಜಂಗಮವಾಡಿ ಮಠದವರೆಗೆ ನಡೆದರೆ ಸಾಕು. ಹಗಲಿನ ಕಾಶಿ ಯಾತ್ರಿಕನನ್ನು ಬಲು ಬೇಗ ಗುರುತಿಸುತ್ತದೆ. ಪಂಡನು ಊರು, ಗೋತ್ರ, ಅಜ್ಜನ ಹೆಸರುಗಳನ್ನು ಕೇಳಿ ತನ್ನ ಉದ್ದನೆಯ ಖಾತೆಯಲ್ಲಿ ನಮ್ಮ ವಂಶವನ್ನು ಹುಡುಕುತ್ತಾನೆ. ಸೀರೆಯ ಅಂಗಡಿಯ ದಲ್ಲಾಳಿ ಊರನ್ನು ಕೇಳಿ ನಮ್ಮ ಜೇಬನ್ನು ಅಂದಾಜು ಮಾಡುತ್ತಾನೆ. ದೋಣಿಯವನಂತೂ ಏನನ್ನೂ ಕೇಳದೆ ನಾವು ಮೆಟ್ಟಿರುವ ಚಪ್ಪಲಿಯನ್ನು ನೋಡಿ ಬೆಲೆಯನ್ನು ನಿರ್ಧರಿಸುತ್ತಾನೆ. ಸಂಜೆಗೆ ದಶಾಶ್ವಮೇಧ ಘಾಟಿನಲ್ಲಿ ಗಂಗಾರತಿ. ಈಗ ಕಾಣುವ ವೈಭವದ ರೂಪದಲ್ಲಿ ಅದು ಕೆಲವೇ ದಶಕಗಳಷ್ಟು ಹಳೆಯದಾದರೂ, ಸಾವಿರಾರು ಮಂದಿ ಕಣ್ತುಂಬ ನೋಡಿ ಧನ್ಯರಾಗುವ ಆ ದೃಶ್ಯವನ್ನು ಹಳಿಯುವುದು ಅರಸಿಕತೆಯೇ ಸರಿ. ಆದರೆ ಆರತಿ ಮುಗಿದ ಕೂಡಲೇ ಯಾತ್ರಿಕರು ನಾಳಿನ ಪ್ರಾತಃಸ್ನಾನವನ್ನು ನೆನೆದು ಛತ್ರಗಳಿಗೂ ಹೋಟೆಲುಗಳಿಗೂ ಹಿಂದಿರುಗುತ್ತಾರೆ; ವಿಶ್ವನಾಥನಿಗೂ ರಾತ್ರಿ ಹತ್ತೂವರೆಯ ಸುಮಾರಿಗೆ ಶಯನಾರತಿಯಾಗುತ್ತದೆ. ಮುಂಜಾನೆ ಮೂರಕ್ಕೆ ಮತ್ತೆ ಮಂಗಳಾರತಿ. ಈ ನಡುವೆ ದೇವರೂ ಯಾತ್ರಿಕರೂ ನಿದ್ರಿಸುವ ನಾಲ್ಕು ಗಂಟೆಗಳ ಅವಧಿಯಲ್ಲಿ ಕಾಶಿಯು ಕಾಶಿಯವರ ವಶಕ್ಕೆ ಬರುತ್ತದೆ.

ಅದನ್ನು ನಾನು ಕಂಡುಕೊಂಡದ್ದು ಹಸ್ತಪ್ರತಿಗಳ ಧೂಳಿನಿಂದ ಗಂಟಲು ಒಣಗಿ ಒಂದು ಬೀಡಾ ಹಾಕಿಕೊಳ್ಳಬೇಕೆನಿಸಿದ ರಾತ್ರಿ. ಓಣಿಯು ರಸ್ತೆಯನ್ನು ಸೇರುವ ಮೂಲೆಯಲ್ಲಿ ಆಳೆತ್ತರದ ಕಟ್ಟೆಯ ಮೇಲೆ ಒಬ್ಬನು ಪದ್ಮಾಸನ ಹಾಕಿಕೊಂಡು ಕುಳಿತಿದ್ದನು. ಎದುರಿಗೆ ಒದ್ದೆ ಕೆಂಪು ವಸ್ತ್ರದ ಮೇಲೆ ಮಗಹೀ ಎಲೆಗಳು. ಈ ಎಲೆ ಬೆಳೆಯುವುದು ಕಾಶಿಯಲ್ಲಲ್ಲ, ಬಿಹಾರದ ಮಗಧ ಪ್ರಾಂತದಲ್ಲಿ; ಕಾಶಿಯವರು ಅದನ್ನು ತರಿಸಿ, ಬುಟ್ಟಿಗಳಲ್ಲಿಟ್ಟು, ದಿನವೂ ಮಗುಚಿ ಕೊಳೆತುದನ್ನು ಹೆಕ್ಕಿ, ಹಸುರು ಹೋಗಿ ತಿಳಿಹಳದಿ ಬರುವವರೆಗೆ ಹದಮಾಡುತ್ತಾರೆ. ಹಾಗೆ ಹದವಾದ ಎಲೆಯನ್ನು ಅಗಿಯುವುದು ಅನಾಗರಿಕತೆಯೆಂದು ಅಲ್ಲಿಯವರ ಭಾವನೆ. ಅದನ್ನು ದವಡೆಯ ಒಂದು ಪಕ್ಕಕ್ಕೆ ಸೇರಿಸಿ, ತಾನಾಗಿ ಕರಗಲು ಬಿಡಬೇಕು. ಕರಗುವವರೆಗೆ ಮಾತನಾಡಬೇಕಾಗಿ ಬಂದರೆ ಗದ್ದವನ್ನು ಆಕಾಶದ ಕಡೆಗೆ ಎತ್ತಿ, ತುಟಿಗಳನ್ನು ದೊನ್ನೆಯಂತೆ ಮಾಡಿಕೊಂಡು, ಒತ್ತಕ್ಷರಗಳನ್ನು ಬಿಟ್ಟು ಸ್ವರಗಳಲ್ಲಿಯೇ ಆಡಬೇಕು. ಕಟ್ಟೆಯ ಕೆಳಗೆ ನಿಂತಿದ್ದ ಐದಾರು ಮಂದಿ ಹೀಗೆ ನಕ್ಷತ್ರಗಳತ್ತ ಮುಖವೆತ್ತಿ ಗಹನವಾದ ಯಾವುದೋ ವಿಷಯವನ್ನು ಚರ್ಚಿಸುತ್ತಿದ್ದುದನ್ನು ದೂರದಿಂದ ಕಂಡಾಗ, ಗ್ರಹಣ ಹಿಡಿದಿದೆಯೋ ಏನೋ ಎಂದು ನಾನೂ ಒಮ್ಮೆ ಮೇಲಕ್ಕೆ ನೋಡಿದೆನು.

ಆ ಸಭೆ ನಿತ್ಯದ್ದು. ರಾತ್ರಿ ಹನ್ನೊಂದರ ಸುಮಾರಿಗೆ ನೆರೆಯುವುದು, ಎಲೆ ತೀರಿದಾಗ ಚದುರುವುದು. ಸಂಸ್ಕೃತ ಪಾಠಶಾಲೆಯಿಂದ ನಿವೃತ್ತರಾದ ಒಬ್ಬ ಮೇಷ್ಟರು, ಮದನಪುರದ ಒಬ್ಬ ಮುಸಲ್ಮಾನ ನೇಕಾರ, ಹರಿಶ್ಚಂದ್ರ ಘಾಟಿನ ಕಡೆಯ ಒಬ್ಬ ಅಂಬಿಗ, ಸೌದೆಯ ವ್ಯಾಪಾರಿಯೊಬ್ಬ, ತಬಲಾ ಬಾರಿಸುವೆನೆಂದು ಹೇಳಿಕೊಳ್ಳುತ್ತಿದ್ದರೂ ಯಾರೂ ಕೇಳದಿದ್ದ ಒಬ್ಬ ಯುವಕ: ಇವರು ಕಾಯಂ ಸದಸ್ಯರು. ಒಬ್ಬರನ್ನೊಬ್ಬರು ಕರೆಯುವುದು ‘ಗುರು’ ಎಂದು. ಅಂಬಿಗನು ಮೇಷ್ಟರಿಗೆ ಗುರುವಾದರೆ ಮೇಷ್ಟರು ಅಂಬಿಗನಿಗೂ ಗುರುವೇ, ಶಿಷ್ಯರು ಮಾತ್ರ ಆ ಮೂಲೆಯಲ್ಲಿ ಯಾರೂ ಇರಲಿಲ್ಲ. ನನಗೆ ಅವರು ಸಲ್ಲಿಸಿದ್ದು ಗೌರವವನ್ನು. ‘ಬನ್ನಿ ಬಾಬೂಜಿ’ ಎಂದು ದಾರಿಬಿಟ್ಟರು, ಬೀಡಾದವನು ಮೊದಲು ನನಗೆ ಕಟ್ಟಿಕೊಟ್ಟನು, ದಕ್ಷಿಣದ ಹವೆಯನ್ನು ವಿಚಾರಿಸಿದರು. ನಾನು ನನ್ನ ಕಡೆಯಿಂದ, ಅಡಿಗಲ್ಲು 1916ರಲ್ಲಿ ಬಿದ್ದ ಅವರ ಹಿಂದೂ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಾಧಿಪತಿಗಳಾಗಿದ್ದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೆಂಬ ಸಂಗತಿಯನ್ನು, ಸಂಬಂಧವನ್ನು ಗಟ್ಟಿಮಾಡಿಕೊಳ್ಳುವ ಆಸೆಯಿಂದ, ಮುಂದಿಟ್ಟೆನು. ಎಲ್ಲರೂ ತಲೆದೂಗಿದರು, ಅನಂತರ ನನ್ನತ್ತ ಬೆನ್ನುಮಾಡಿ ತಮ್ಮ ಚರ್ಚೆಯನ್ನು ಮುಂದುವರಿಸಿದರು. ಮರ್ಯಾದೆಯಷ್ಟು ಸಮರ್ಥವಾಗಿ ಮನುಷ್ಯನನ್ನು ಹೊರಗಿಡಬಲ್ಲ ಬಾಗಿಲನ್ನು ಯಾವ ಬಡಗಿಯೂ ಮಾಡಿಲ್ಲವೆಂಬುದು ಅಂತಹ ರಾತ್ರಿಗಳಲ್ಲಿ ತಿಳಿಯುತ್ತದೆ.

ಬಾಗಿಲು ತೆರೆದದ್ದು ಬೇರೊಂದು ರಾತ್ರಿ, ಅನಿರೀಕ್ಷಿತವಾಗಿ. ಮೇಷ್ಟರು ಠುಮರಿಯ ವಿಷಯವಾಗಿ ಮಾತನಾಡುತ್ತಿದ್ದರು. ಕಾಶಿಯ ಪೂರಬ್ ಅಂಗದ ಠುಮರಿಯಲ್ಲಿ ಸಾಹಿತ್ಯದ ಒಂದು ಮಾತನ್ನು ಹಿಡಿದು, ಒಮ್ಮೆ ಬೇಡಿಕೆಯಾಗಿ, ಒಮ್ಮೆ ದೂರಾಗಿ, ಒಮ್ಮೆ ತನಗೆ ತಾನೇ ಆಡಿಕೊಂಡ ಸಮಾಧಾನವಾಗಿ ಬಗೆಬಗೆಯಲ್ಲಿ ಹೇಳುವ ‘ಬೋಲ್ ಬನಾವ್’ ಎಂಬ ಕ್ರಮವುಂಟಷ್ಟೆ. ಅದನ್ನು ಬಲ್ಲವರು ಗಂಗೆಯ ಈ ದಡದಲ್ಲಿ ಮಾತ್ರ ಇರುವರೆಂದೂ, ದಕ್ಷಿಣಕ್ಕೆ ಹೋದ ಖಯಾಲಿನವರು ಮಾತನ್ನು ಮರೆತು ಬರಿಯ ಸ್ವರವನ್ನು ನೀವುತ್ತ ಕುಳಿತರೆಂದೂ ಅವರ ವಾದ. ನಾನು ಧಾರವಾಡದ ಸೀಮೆಯಲ್ಲಿ ಬೆಳೆದವನು. ಅಬ್ದುಲ್ ಕರೀಂ ಖಾನರು ಬಂದು ಹೋಗುತ್ತಿದ್ದ, ಕುಂದಗೋಳದ ಸವಾಯಿ ಗಂಧರ್ವರು ಅವರಲ್ಲಿ ಕಲಿತು ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಆ ವಿದ್ಯೆಯನ್ನು ಧಾರೆಯೆರೆದ ನೆಲದವನು ಈ ಮಾತನ್ನು ಕೇಳಿ ಸುಮ್ಮನಿರುವುದು ಧರ್ಮವಲ್ಲ. ಆದುದರಿಂದ ಹೇಳಿದೆ: “ಖಾನ್ ಸಾಹೇಬರು ಝಿಂಝೋಟಿಯಲ್ಲಿ ಹಾಡಿದ ಠುಮರಿಯ ತಟ್ಟೆಯನ್ನು ತಾವು ಕೇಳಿರಬೇಕು. ನಿಮ್ಮವರು ಒಂದು ಮಾತನ್ನು ಹತ್ತು ಬಗೆಯಲ್ಲಿ ಹೇಳುತ್ತಾರೆ. ನಮ್ಮವರು ಒಂದು ಸ್ವರವನ್ನು ಹತ್ತು ಬಗೆಯಲ್ಲಿ ಹೇಳುತ್ತಾರೆ. ಮಾತು ಮುಗಿದ ಮೇಲೂ ದುಃಖ ಉಳಿಯುವುದಿಲ್ಲವೆ, ಅದನ್ನು ಹಾಡುವವರು ಯಾರು?”

ಮೇಷ್ಟರು ಗೋಡೆಯ ಬದಿಗೆ ಹೋಗಿ, ಬಾಯಲ್ಲಿದ್ದ, ಇನ್ನೂ ಅರ್ಧವೂ ಕರಗದ ಬೀಡಾವನ್ನು ಉಗುಳಿ, ತುಟಿಯನ್ನು ಒರೆಸಿಕೊಂಡು ಹಿಂದಿರುಗಿದರು. ಸಭೆಯಲ್ಲಿ ಒಂದು ಸಂಚಲನವಾಯಿತು. ನನಗೆ ಆಗ ತಿಳಿಯದಿದ್ದುದನ್ನು ಅಂಬಿಗನು ಆಮೇಲೆ ವಿವರಿಸಿದನು: ಹದವಾಗಿ ಕರಗುತ್ತಿರುವ ಬೀಡಾವನ್ನು ಕಾಶಿಯವನು ಮಂತ್ರಿ ಬಂದರೂ ಉಗುಳುವುದಿಲ್ಲ, ಉಗುಳಿದನೆಂದರೆ ಎದುರಾಳಿಯನ್ನು ಸಮಾನನೆಂದು ಒಪ್ಪಿದನೆಂದೇ ಅರ್ಥ. “ಗುರು, ಸ್ವರವನ್ನು ಹತ್ತು ಬಗೆಯಲ್ಲಿ ಹೇಳುವುದಕ್ಕೆ ಸಾರಂಗಿ ಸಾಕಲ್ಲ, ಮನುಷ್ಯನ ಬಾಯಿ ಏಕೆ ಬೇಕು?” ಎಂದರು ಮೇಷ್ಟರು, ಈ ಬಾರಿ ವ್ಯಂಜನಗಳೂ ಸ್ಪಷ್ಟವಾಗಿ ಕೇಳುವಂತೆ. ಖಾನ್ ಸಾಹೇಬರ ಕಿರಾಣಾ ಮನೆತನದ ಹಿರಿಯರಲ್ಲಿ ಸಾರಂಗಿಯವರೂ ಬೀನಕಾರರೂ ಇದ್ದವರೇ ಆದ್ದರಿಂದ ನಾನು ಅದನ್ನು ನಿಂದೆಯೆಂದು ಒಪ್ಪಿಕೊಳ್ಳದೆ ಹೊಗಳಿಕೆಯೆಂದು ಸ್ವೀಕರಿಸಿದೆನು. ಅಷ್ಟು ಹೊತ್ತು ಮೌನವಾಗಿದ್ದ ನೇಕಾರನು ತೀರ್ಪು ಕೊಡುವವನಂತೆ ಮುಂದೆ ಬಂದು, “ಇವರ ಕಡೆಯ ರೇಷ್ಮೆಯನ್ನು ದಿನವೂ ಕೈಯಲ್ಲಿ ಹಿಡಿಯುವವನು ನಾನು. ಈ ಮನುಷ್ಯನ ಮಾತಿನಲ್ಲಿಯೂ ಎಳೆ ಗಟ್ಟಿಯಾಗಿದೆ” ಎಂದನು. ಬನಾರಸಿನ ಜರತಾರಿ ಸೀರೆಗಳ ಹೊಟ್ಟೆಯಲ್ಲಿ ಕರ್ನಾಟಕದ ಗೂಡುಗಳಿಂದ ಬಿಚ್ಚಿದ ನೂಲು ಎಷ್ಟೋ ಕಾಲದಿಂದ ಸೇರಿಕೊಂಡಿದೆಯೆಂಬುದು ಆ ರಾತ್ರಿ ನನ್ನ ಪಾಲಿಗೆ ವ್ಯಾಪಾರದ ಸಂಗತಿಯಾಗಿ ಉಳಿಯಲಿಲ್ಲ. ಹಗಲೆಲ್ಲ ಕುಳಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿರುವ ಆ ಮನುಷ್ಯನಿಗೆ ನಮ್ಮ ನಾಡು ಬೆರಳ ತುದಿಯಿಂದ ಪರಿಚಿತವಾಗಿತ್ತು. ನಮ್ಮ ಅರಸರ ಹೆಸರಿನಿಂದ ಆಗದ ಕೆಲಸ ಹುಳುವಿನ ಎಂಜಲಿನಿಂದ ಆಯಿತು. ಮರುದಿನ ರಾತ್ರಿ ಬೀಡಾದವನು ನನ್ನನ್ನು ಕಂಡು ‘ಬಾಬೂಜಿ’ ಎನ್ನಲಿಲ್ಲ; “ಕಾ ಗುರು!” ಎಂದನು, ಮತ್ತು ನನ್ನ ಸರದಿ ಬರುವವರೆಗೆ ಕಾಯಿಸಿದನು.

ಪುರಾತನವಾದ ಊರುಗಳಲ್ಲಿ ಸ್ನೇಹವನ್ನು ಹುಡುಕುವವರು ಸಾಮಾನ್ಯವಾಗಿ ನಗುಮುಖವನ್ನೂ ಒಪ್ಪಿಗೆಯನ್ನೂ ಕಾಣಿಕೆಯಾಗಿ ಒಯ್ಯುತ್ತಾರೆ. ನಿಮ್ಮ ಊರು ಚೆಲುವು, ನಿಮ್ಮ ತಿಂಡಿ ರುಚಿ, ನಿಮ್ಮ ಹಾಡು ಇಂಪು ಎಂದು ಅತಿಥಿಯು ಹೇಳುತ್ತಲೇ ಇರುತ್ತಾನೆ. ಆತಿಥೇಯನು ಕೈಮುಗಿಯುತ್ತಲೇ ಇರುತ್ತಾನೆ. ಇಬ್ಬರ ಕೈಯೂ ಬಿಡುವಾಗುವುದೇ ಇಲ್ಲ. ಎಲ್ಲವನ್ನೂ ಮೆಚ್ಚುವವನು ಯಾವುದನ್ನೂ ಕಿವಿಗೊಟ್ಟು ಕೇಳಿಲ್ಲವೆಂಬ ಗುಮಾನಿ ಕಾಶಿಯಂತಹ ಊರಿಗೆ ಸಹಜವಾಗಿಯೇ ಇದೆ, ಏಕೆಂದರೆ ಸಾವಿರಾರು ವರ್ಷಗಳಿಂದ ಜನ ಅಲ್ಲಿಗೆ ಬಂದು ಮೆಚ್ಚಿಯೇ ಹೋಗಿದ್ದಾರೆ. ಭಿನ್ನಾಭಿಪ್ರಾಯವುಳ್ಳವನು ಬಂದರೆ ಆ ಊರಿನ ಕಿವಿ ನಿಮಿರುತ್ತದೆ. ಒಂದು ರಾಗದ ವಿಷಯವಾಗಿ ಜಗಳವಾಡುವಷ್ಟು ಅದನ್ನು ಹಚ್ಚಿಕೊಂಡವನು, ಎಲ್ಲಿಂದ ಬಂದವನೇ ಆಗಲಿ, ಅವರಿಗೆ ತಮ್ಮವನು.

ಹೀಗೆ ಜಗಳದ ಅರ್ಹತೆಯನ್ನು ಸಂಪಾದಿಸಿದ ಮೇಲೆ ಉಳಿದ ರಾತ್ರಿಗಳು ತಾವಾಗಿ ತೆರೆದವು. ಚೈತ್ರ ಪೂರ್ಣಿಮೆಯ ಹನುಮಜ್ಜಯಂತಿಯ ಬೆನ್ನಿಗೆ ಸಂಕಟಮೋಚನ ದೇವಾಲಯದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ನನ್ನನ್ನು ಎಳೆದುಕೊಂಡು ಹೋದರು. 1923ರಲ್ಲಿ ಆರಂಭವಾದ ಆ ಉತ್ಸವಕ್ಕೆ ಇಂದಿಗೂ ಟಿಕೆಟ್ಟಿಲ್ಲ. ಕಲಾವಿದರು ಅಲ್ಲಿಗೆ ಬರುವುದನ್ನು ಕಚೇರಿ ಮಾಡುವುದೆಂದು ಹೇಳುವುದಿಲ್ಲ, ಹನುಮಂತನ ಮುಂದೆ ಹಾಜರಿ ಹಾಕುವುದೆಂದು ಹೇಳುತ್ತಾರೆ; ಪಾಕಿಸ್ತಾನದ ಗುಲಾಂ ಅಲಿಯವರು 2015ರಲ್ಲಿ ಬಂದು ಹಾಡಿದ್ದೂ ಅದೇ ಅಂಗಳದಲ್ಲಿ. ಅಲ್ಲಿನ ಮಹಂತರಾಗಿದ್ದ ವೀರಭದ್ರ ಮಿಶ್ರರು ಹಗಲಿನಲ್ಲಿ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಪ್ರಾಧ್ಯಾಪಕರು, ಗಂಗೆಯ ನೀರಿನ ಮಾಲಿನ್ಯವನ್ನು ಅಳೆದು ಅದರ ವಿರುದ್ಧ ಬಹುಕಾಲ ಹೋರಾಡಿದವರು. ಶಾಸ್ತ್ರ ಮತ್ತು ಶ್ರದ್ಧೆಗಳು ಒಂದೇ ಮೈಯಲ್ಲಿ ಹೇಗೆ ಹೊಂದಿಕೊಂಡಿರುವುವೆಂದು ಮೇಷ್ಟರನ್ನು ಕೇಳಿದರೆ, ಕಾಶಿಯಲ್ಲಿ ಇದೂ ಒಂದು ಪ್ರಶ್ನೆಯೆ ಎಂಬಂತೆ ಗದ್ದವೆತ್ತಿದರು. ಸಂಜೆಗೆ ತೊಡಗಿದ ಸಂಗೀತ ಬೆಳಗಿನವರೆಗೆ ನಡೆಯುತ್ತದೆ. ಕೇಳುವವರು ಕೂರುತ್ತಾರೆ, ಒರಗುತ್ತಾರೆ, ಜಮಖಾನದ ಮೇಲೆ ಮಲಗುತ್ತಾರೆ. ಗೊರಕೆ ಹೊಡೆಯುತ್ತಿದ್ದವನು ಕೂಡ ಸಮದ ಮೇಲೆ ಸರಿಯಾಗಿ ಎದ್ದು ತಲೆಯಾಡಿಸಿ ಮತ್ತೆ ಮಲಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಪ್ಪಾಳೆಗಿಂತ ‘ಹರ ಹರ ಮಹಾದೇವ’ ಎಂಬ ಘೋಷವೇ ಅಲ್ಲಿ ಮೆಚ್ಚುಗೆಯ ಭಾಷೆ. ಅದು ಬರುವವರೆಗೆ ಎಂತಹ ಹೆಸರಾಂತನಿಗೂ ಅಳುಕು ತಪ್ಪಿದ್ದಲ್ಲ. ನಡುವೆ ಎದ್ದುಹೋಗಿ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿಯುತ್ತ, ಈಗ ಹಾಡಿದವನು ನಿಷಾದವನ್ನು ಕೊಂದನೋ ಕಾದನೋ ಎಂದು ವಾದ ಹೂಡುವುದು ಉತ್ಸವದ ಉತ್ತರಾರ್ಧ. ಅದರಲ್ಲಿ ನಾನು ಸೋತದ್ದೇ ಹೆಚ್ಚು. ಸೋತವನು ಚಹಾದ ದುಡ್ಡು ಕೊಡಬೇಕೆಂಬ ನಿಯಮವನ್ನು ಮಾಡಿದವನು ಸೌದೆಯ ವ್ಯಾಪಾರಿ.

ಮಳೆಗಾಲ ಕಳೆದ ಮೇಲೆ ನದಿಯನ್ನು ದಾಟಿ ರಾಮನಗರದ ರಾಮಲೀಲೆಗೆ ಹೋದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶಿಯ ಮಹಾರಾಜರ ಆಶ್ರಯದಲ್ಲಿ ಬೆಳೆದ ಈ ಲೀಲೆ 31 ದಿನಗಳ ಕಾಲ ನಡೆಯುತ್ತದೆ. ನಮ್ಮ ಬಯಲಾಟದಲ್ಲಿ ಪಾತ್ರಗಳು ರಂಗಸ್ಥಳಕ್ಕೆ ಬರುತ್ತವೆ, ನಾವು ಕುಳಿತಲ್ಲಿಯೇ ಕುಳಿತಿರುತ್ತೇವೆ. ಇಲ್ಲಿ ಇಡೀ ಊರೇ ರಂಗಸ್ಥಳ. ಅಯೋಧ್ಯೆ ಒಂದು ಕಡೆ, ಜನಕಪುರಿ ಇನ್ನೊಂದು ಕಡೆ, ಪಂಚವಟಿ ಮತ್ತೊಂದು ಕಡೆ, ಲಂಕೆಯಂತೂ ಊರ ಹೊರಗಿನ ಬಯಲಿನಲ್ಲಿ. ರಾಮನು ವನವಾಸಕ್ಕೆ ಹೊರಟರೆ ಪ್ರೇಕ್ಷಕನೂ ಕೆಸರಿನಲ್ಲಿ ಅವನ ಹಿಂದೆ ನಡೆಯಬೇಕು. ವಿದ್ಯುದ್ದೀಪವಿಲ್ಲ, ಧ್ವನಿವರ್ಧಕವಿಲ್ಲ; ಪೆಟ್ರೊಮ್ಯಾಕ್ಸು ಮತ್ತು ಪಂಜುಗಳ ಬೆಳಕಿನಲ್ಲಿ, ‘ಚುಪ್ ರಹೋ, ಸಾವಧಾನ್’ ಎಂಬ ಕೂಗೊಂದು ಎದ್ದಾಗ ಸಾವಿರಾರು ಮಂದಿ ಒಮ್ಮೆಗೇ ಮೌನವಾಗುತ್ತಾರೆ, ಬಾಲಕನಾದ ರಾಮನ ಸಣ್ಣ ಕಂಠ ಆ ಮೌನದ ಮೇಲೆ ನಡೆದು ಕೊನೆಯ ಸಾಲನ್ನು ಮುಟ್ಟುತ್ತದೆ. ದಿನವೂ ತಪ್ಪದೆ ಬರುವ ನೇಮಿಗಳೆಂಬವರಿದ್ದಾರೆ. ಸ್ನಾನಮಾಡಿ, ಮಡಿಪಂಚೆಯುಟ್ಟು, ಅತ್ತರು ಪೂಸಿಕೊಂಡು, ಕೈಯಲ್ಲಿ ಬಿದಿರಿನ ಕೋಲು, ಬಗಲಲ್ಲಿ ರಾಮಚರಿತಮಾನಸದ ಪ್ರತಿ ಹಿಡಿದು ಬರುವ ಈ ಮಹನೀಯರು ಟಾರ್ಚಿನ ಬೆಳಕಿನಲ್ಲಿ ಸಾಲನ್ನು ಅನುಸರಿಸುತ್ತ, ರಾಮಾಯಣಿಗಳ ಪಾಠ ಒಂದಕ್ಷರ ತಪ್ಪಿದರೂ ಹುಬ್ಬೇರಿಸುತ್ತಾರೆ. ನಮ್ಮ ಅಂಬಿಗನು ಅಂತಹ ನೇಮಿ. ಹಗಲಿನಲ್ಲಿ ದೋಣಿಯ ಬಾಡಿಗೆಗಾಗಿ ಲೋಕದ ಎಲ್ಲ ಭಾಷೆಗಳಲ್ಲಿ ಚೌಕಾಶಿ ಮಾಡುವ ಆ ಮನುಷ್ಯ, ಒಂದು ತಿಂಗಳು ಸಂಜೆಯ ಸಂಪಾದನೆಯನ್ನು ಕೈಬಿಟ್ಟು ಇಲ್ಲಿ ನಿಲ್ಲುತ್ತಿದ್ದನು. ಪಟ್ಟಾಭಿಷೇಕದ ರಾತ್ರಿ ಲೀಲೆಯು ಬೆಳಗಿನ ಆರತಿಯವರೆಗೆ ಸಾಗಿದಾಗ, ರಾಮನ ಪಾತ್ರದ ಹುಡುಗನಿಗೆ ತೂಕಡಿಕೆ ಬಂದುದನ್ನು ಕಂಡು ಅವನು ಕಣ್ಣೊರೆಸಿಕೊಂಡನು. “ಹದಿನಾಲ್ಕು ವರ್ಷ ನಿದ್ದೆಗೆಟ್ಟಿದ್ದಾನೆ, ಪಾಪ” ಎಂದನು. ವಾದಿಸುವ ಅವಕಾಶವಿದ್ದರೂ, ನಿದ್ದೆಗೆಟ್ಟವನು ಲಕ್ಷ್ಮಣನಲ್ಲವೆ ಎಂದು ಮೇಷ್ಟರೂ ಆ ಹೊತ್ತು ಕೇಳಲಿಲ್ಲ.

ಇಷ್ಟನ್ನು ಹೊಗಳಿದವನು ಒಂದು ನ್ಯೂನತೆಯನ್ನು ಹೇಳದಿದ್ದರೆ ನಾನೇ ಮೇಲೆ ಬರೆದ ಮಾತಿಗೆ ತಪ್ಪಿದಂತಾಗುತ್ತದೆ. ಕಾಶಿಯ ಬೀದಿಯ ಇರುಳು ಬಹುಮಟ್ಟಿಗೆ ಗಂಡಸರದು. ಬೀಡಾ ಅಂಗಡಿಯ ಕಟ್ಟೆಯ ಬಳಿ ನಾನು ಹೆಂಗಸರನ್ನು ಕಾಣಲಿಲ್ಲ. ಮೇಷ್ಟರ ಮನೆಯಾಕೆ ಬಾಗಿಲ ಸಂದಿನಿಂದ ಹಸ್ತಪ್ರತಿಗಳ ವಿಷಯವಾಗಿ ಕೇಳಿದ ಎರಡು ಪ್ರಶ್ನೆಗಳು ಅವರ ಗಂಡನ ವಾದಗಳೆಲ್ಲಕ್ಕಿಂತ ಹರಿತವಾಗಿದ್ದರೂ ಆ ಸಭೆಗೆ ಅವು ಮುಟ್ಟಲಿಲ್ಲ. ಇದರಲ್ಲಿ ಒಂದು ವಿಪರ್ಯಾಸವುಂಟು. ಮಧ್ಯರಾತ್ರಿಯವರೆಗೆ ಈ ಗಂಡಸರು ಯಾವ ಠುಮರಿಗಾಗಿ ಬಡಿದಾಡುತ್ತಿದ್ದರೋ ಆ ಠುಮರಿಯನ್ನು ಬೆಳಸಿದವರು ರಸೂಲನ್ ಬಾಯಿ, ಸಿದ್ಧೇಶ್ವರೀ ದೇವಿ ಮುಂತಾದ ಹೆಂಗಸರು. 2017ರಲ್ಲಿ ತೀರಿಕೊಂಡ ಗಿರಿಜಾ ದೇವಿಯವರು ಅದನ್ನು ನಮ್ಮ ಕಾಲದವರೆಗೆ ತಂದು ಮುಟ್ಟಿಸಿದರು. ಗಾಯಕಿಯರ ಕೋಠಾಗಳಿದ್ದ ದಾಲಮಂಡಿಯ ಓಣಿ ಈಗ ಸಗಟು ಸಾಮಾನುಗಳ ಪೇಟೆ. ಅಲ್ಲಿ ಹಾಡುತ್ತಿದ್ದವರಿಗೆ ಊರು ರಾತ್ರಿಯನ್ನು ಕೊಟ್ಟು ಹಗಲನ್ನು ಕೊಡಲಿಲ್ಲ. ಅವರ ವಂಶದ ಹೆಣ್ಣುಮಕ್ಕಳಿಗೆ ಹಗಲನ್ನು ಕೊಟ್ಟು ರಾತ್ರಿಯನ್ನು ಕಿತ್ತುಕೊಂಡಿತು. ಸಂಕಟಮೋಚನದ ಅಂಗಳದಲ್ಲಿ ಮಾತ್ರ ಅಜ್ಜಿಯರು, ಸೊಸೆಯರು, ಕಾಲೇಜಿನ ಹುಡುಗಿಯರು ಬೆಳಗಿನವರೆಗೆ ಕುಳಿತು ಕೇಳುತ್ತಾರೆ, ಮತ್ತು ಅವರ ‘ಮಹಾದೇವ’ ಘೋಷ ಗಂಡಸರಿಗಿಂತ ಒಂದು ಕ್ಷಣ ಮುಂಚೆಯೇ ಸರಿಯಾದ ಜಾಗದಲ್ಲಿ ಬೀಳುತ್ತದೆ. ಇದನ್ನು ಹೇಳಿದ್ದಕ್ಕೆ ಮೇಷ್ಟರು ಮತ್ತೊಂದು ಬೀಡಾವನ್ನು ಉಗುಳಬೇಕಾಯಿತು; ಆದರೆ ಉತ್ತರ ಸಿಕ್ಕದೆ ಇನ್ನೊಂದನ್ನು ಕಟ್ಟಿಸಿಕೊಂಡರು.

ಇವರೊಡನೆ ನನ್ನ ಸ್ನೇಹಕ್ಕೆ ವಿಳಾಸವಿರಲಿಲ್ಲ. ಅವರು ನನ್ನ ಪೂರ್ಣನಾಮವನ್ನು ಕೇಳಲಿಲ್ಲ. ಗೋತ್ರವನ್ನು, ಸಂಬಳವನ್ನು, ಮಕ್ಕಳ ಸಂಖ್ಯೆಯನ್ನು ಕೇಳಲಿಲ್ಲ. ಪಂಡನ ಖಾತೆಯಲ್ಲಿ ನನ್ನ ಅಜ್ಜನ ರುಜು ಸಿಕ್ಕಿತು, ಈ ಕಟ್ಟೆಯಲ್ಲಿ ನನ್ನ ಗುರುತೇ ಉಳಿದಿರಲಾರದು. ಆದರೂ ಜ್ವರ ಬಂದು ಬಿಡಾರದಲ್ಲಿ ಮಲಗಿದ್ದಾಗ, ನನ್ನ ಮನೆಯನ್ನು ಯಾರಿಗೂ ತೋರಿಸಿರದಿದ್ದರೂ, ಚಳಿಗಾಲದ ಮುಂಜಾವಿನಲ್ಲಿ ತಬಲಾದ ಯುವಕನು ಕುಲ್ಹಡ್‌ನಲ್ಲಿ ಮಲೈಯೊ ಹಿಡಿದು ಮೆಟ್ಟಿಲು ಹತ್ತಿ ಬಂದನು. ಕಾಸಿದ ಹಾಲನ್ನು ರಾತ್ರಿಯೆಲ್ಲ ಬಯಲಿನಲ್ಲಿ ಇಬ್ಬನಿಗೆ ಒಡ್ಡಿ, ಬೆಳಗಿನ ಜಾವದಲ್ಲಿ ಕಡೆದು, ಕೇಸರಿ ಹಾಕಿ ತೆಗೆದ ಆ ನೊರೆಗೆ ಬಿಸಿಲೇರಿದರೆ ಆಯುಸ್ಸಿಲ್ಲ, ಅದಕ್ಕಾಗಿ ಓಡಿಬಂದಿದ್ದನು. ಜ್ವರಕ್ಕೆ ಮಲೈಯೊ ಪಥ್ಯವೆಂದು ಯಾವ ವೈದ್ಯಗ್ರಂಥದಲ್ಲಿಯೂ ಹೇಳಿರಲಾರದು. ತಿನ್ನುತ್ತ ಅವನ ತಾಳವನ್ನು ಕೇಳಿದೆನು. ಅವನು ಮಂಚದ ಚೌಕಟ್ಟಿನ ಮೇಲೆ ಬಾರಿಸಿದನು. ನಿಜವಾಗಿಯೂ ಚೆನ್ನಾಗಿ ಬಾರಿಸುತ್ತಿದ್ದನು, ಮತ್ತು ನಾನು ಅದನ್ನು ಸಭೆಯಲ್ಲಿ ಹೇಳಿ ಮೂರು ರಾತ್ರಿಯ ಜಗಳಕ್ಕೆ ಕಾರಣನಾದೆನು.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಕಾಯಿಯನ್ನೋ ಹಣ್ಣನ್ನೋ ಅಲ್ಲಿ ಬಿಟ್ಟು ಬರುವ ಪದ್ಧತಿ ನಮ್ಮಲ್ಲುಂಟು. ಊರಿಗೆ ಮರಳಿದ ಮೇಲೆ ದೊಡ್ಡಮ್ಮನವರು, ಊಟಕ್ಕೆ ಬಡಿಸುವಾಗ ತೊಂದರೆಯಾಗಬಾರದೆಂದು, ಏನು ಬಿಟ್ಟು ಬಂದೆಯಪ್ಪ ಎಂದು ಕೇಳಿದರು. ಬದನೆಕಾಯಿಯನ್ನಂತೂ ಬಿಟ್ಟಿರಲಿಲ್ಲ. ಕಿರಾಣಾದವರ ಭೈರವಿ ಮೇಲೋ ಕಾಶಿಯವರ ಭೈರವಿ ಮೇಲೋ ಎಂಬ ವಾದವೊಂದನ್ನು ಅರ್ಧದಲ್ಲಿ ಬಿಟ್ಟು ಬಂದಿದ್ದೇನೆ ಎಂದೆನು. ಬಿಟ್ಟದ್ದನ್ನು ಮತ್ತೆ ಮುಟ್ಟಬಾರದೆಂಬುದು ಶಾಸ್ತ್ರವೆಂದು ಅವರು ನೆನಪು ಮಾಡಿಕೊಟ್ಟರು. ಆ ಶಾಸ್ತ್ರ ಕಾಯಿಪಲ್ಯಕ್ಕೆ ಮಾತ್ರವೆಂದು ಸಾಧಿಸುವುದಕ್ಕೆ ನಾನು ಪ್ರಯತ್ನಪಟ್ಟೆನು, ಅವರು ಒಪ್ಪಲಿಲ್ಲ. ಆ ಜಗಳ ಊಟ ಮುಗಿದು ತಾಂಬೂಲಕ್ಕೆ ಕುಳಿತ ಮೇಲೂ ನಡೆಯಿತು, ಮತ್ತು ದೊಡ್ಡಮ್ಮನೊಡನೆ ಅಷ್ಟು ಹೊತ್ತು ಮಾತನಾಡಿದ್ದು ಅದೇ ಮೊದಲು.